ದಾರಿ ತಪ್ಪಿಸುವ ಮಾರ್ಗಫಲಕಗಳು



ಕಳೆದ ಆಟಿ ತಿಂಗಳಲ್ಲಿ ನಮ್ಮ ಸಂಘಕ್ಕೆ ಮೈಲುತುತ್ತು ತರುತ್ತಿದ್ದ ಹೊರಜಿಲ್ಲೆಯ ಲಾರಿಯೊಂದು ರಾತ್ರಿ ದಾರಿ ತಪ್ಪಿತು. ಮರುದಿನ ಬೆಳಿಗ್ಗೆ ನಾವು ಹೋಗಿ ನೋಡುವಾಗ ಅದರ ಹಿಂದಿನ ಚಕ್ರ ಒಂದು ಒಳಮಾರ್ಗದ ಮೋರಿಯ ಅಂಚಿನಲ್ಲಿ ಹೂತಿತ್ತು. "ಬೋರ್ಡು ಕಾಣಲಿಲ್ಲ ಸಾರ್, ಮೊಬೈಲು ತೋರಿಸಿದ ಕಡೆ ಬಂದೆ" ಎಂದ ಚಾಲಕ. ತಿರುವಿಗೆ ಹಿಂದಿರುಗಿ ನೋಡಿದರೆ ಬೋರ್ಡು ಇದ್ದಲ್ಲಿಯೇ ಇತ್ತು. ಅದರ ಮೇಲೆ ಬಳ್ಳಿ ಹಬ್ಬಿತ್ತು. ಬಳ್ಳಿ ಎಳೆದರೆ ಅಡಿಯಲ್ಲಿ ಹಿಂದಿನ ವರ್ಷದ ಬಯಲಾಟದ ಪೋಸ್ಟರು. ಅದನ್ನೂ ಕಿತ್ತರೆ ಅಕ್ಷರ ಮಾಸಿದ ಬರಿಯ ತಗಡು!

ಲಾರಿಯನ್ನು ಎಳೆದು ತರುವಷ್ಟರಲ್ಲಿ ಎರಡನೆಯ ಮದ್ದು ಬಿಡಲು ದೊರೆತಿದ್ದ ಎರಡು ದಿನಗಳ ಬಿಸಿಲು ಮುಗಿದುಹೋಯಿತು. ಮೊದಲ ಸಿಂಪರಣೆಯಾಗಿ 40–45 ದಿನ ಕಳೆದ ತೋಟದಲ್ಲಿ ಎರಡು ದಿನದ ಬಿಸಿಲಿನ ಬೆಲೆ ಏನೆಂಬುದನ್ನು ಕೊಳೆರೋಗ ಕಂಡ ಕೃಷಿಕರಿಗೆ ವಿವರಿಸಬೇಕಾಗಿಲ್ಲ.

ಎಲ್ಲ ಸಂದರ್ಭಗಳಲ್ಲೂ ನಷ್ಟ ಇಷ್ಟಕ್ಕೇ ನಿಲ್ಲುವುದಿಲ್ಲ. ನಮ್ಮ ಸದಸ್ಯರೊಬ್ಬರ ಮಗ ರಾತ್ರಿ ಬೈಕಿನಲ್ಲಿ ಮನೆಗೆ ಬರುವಾಗ, ಬಣ್ಣವೂ ಇಲ್ಲದ ಸೂಚನೆಯೂ ಇಲ್ಲದ ಹಂಪಿನಲ್ಲಿ ಎಗರಿ ಬಿದ್ದು ಮೂರು ತಿಂಗಳು ಹಾಸಿಗೆ ಹಿಡಿದ. ಆ ವರ್ಷ ಆ ಮನೆಯಲ್ಲಿ ಅಡಿಕೆ ಕೊಯ್ಲು ನೋಡಿಕೊಳ್ಳಲು ಜನವಿರಲಿಲ್ಲ.

ಹೆದ್ದಾರಿಯ ಸಂಖ್ಯೆಯ ವಿಷಯದಲ್ಲೂ ಗೊಂದಲವುಂಟು. 2010ರಲ್ಲಿ ದೇಶದ ಹೆದ್ದಾರಿಗಳಿಗೆಲ್ಲ ಹೊಸ ಸಂಖ್ಯೆ ಬಂತು. ಬಿ.ಸಿ.ರೋಡಿನಿಂದ ಶಿರಾಡಿಗೆ ಹೋಗುವ 48 ಈಗ 75. ಬೆಳ್ತಂಗಡಿ, ಚಾರ್ಮಾಡಿಯ 234 ಈಗ 73. ಮೂಡುಬಿದಿರೆ, ಕಾರ್ಕಳದ 13 ಈಗ 169. ನಮ್ಮ ಬಾಯಲ್ಲಿ ಇನ್ನೂ ಹಳೆಯ ಸಂಖ್ಯೆಯೇ ಬರುತ್ತದೆ. ಅಪಘಾತವಾದಾಗ ಫೋನಿನಲ್ಲಿ ಹಳೆಯ ಸಂಖ್ಯೆ ಹೇಳಿದರೆ, ಬರುವ ಆಂಬುಲೆನ್ಸು ಯಾವ ಮಾರ್ಗ ಹಿಡಿಯಬೇಕು?

ಇದು ಸರಕಾರದ ಕೆಲಸವಲ್ಲವೇ ಎಂದು ಕೆಲವರು ಕೇಳಬಹುದು. ಖಂಡಿತ ಹೌದು. 2019ರಲ್ಲಿ ಮೋಟಾರು ವಾಹನ ಕಾಯಿದೆಗೆ ಸೇರಿದ 198ಎ ಕಲಮಿನಂತೆ, ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ನಿಗದಿತ ಮಾನದಂಡ ಪಾಲಿಸದೆ ಅದರಿಂದ ಸಾವು ಅಥವಾ ಅಂಗವೈಕಲ್ಯ ಉಂಟಾದರೆ, ಹೊಣೆಗಾರರಿಗೆ ಒಂದು ಲಕ್ಷ ರೂಪಾಯಿಯವರೆಗೆ ದಂಡವುಂಟು. ನಿರ್ಮಾಣದೊಂದಿಗೆ ನಿರ್ವಹಣೆಯನ್ನೂ ಕಾಯಿದೆ ಹೆಸರಿಸಿದೆ ಎಂಬುದು ಗಮನಾರ್ಹ. ಆದರೆ ದಂಡ ಬೀಳುವುದು ಅನಾಹುತವಾದ ಮೇಲೆ. ಅದಕ್ಕೆ ಮೊದಲೇ ಎಚ್ಚರಿಸುವ ಕೆಲಸವನ್ನು ಮಾರ್ಗದ ಬದಿಯಲ್ಲೇ ತೋಟವಿರುವ ನಮಗಿಂತ ಚೆನ್ನಾಗಿ ಯಾರು ಮಾಡಬಲ್ಲರು?

ಆದುದರಿಂದ ಸದಸ್ಯರಲ್ಲಿ ಮೂರು ವಿನಂತಿಗಳು.

ಒಂದು, ಪತ್ತನಾಜೆಯ ಹೊತ್ತಿಗೆ ಒಮ್ಮೆ, ಚೌತಿಯ ಹೊತ್ತಿಗೆ ಇನ್ನೊಮ್ಮೆ, ತಮ್ಮ ಬೇಲಿಯ ಎದುರಿನ ಫಲಕಕ್ಕೆ ಹಬ್ಬಿದ ಬಳ್ಳಿ, ಅಡ್ಡ ಬಂದ ಗೆಲ್ಲುಗಳನ್ನು ಸವರಿಸಬೇಕು. ಆಳಿನ ಅರ್ಧ ಗಂಟೆಯ ಕೆಲಸ. ಆದರೆ ನಾವೇ ಪೈಂಟು ಬಳಿಯಲು ಹೊರಡಬಾರದು. ಫಲಕದ ಮೇಲಿರುವುದು ಬೆಳಕನ್ನು ಹಿಂದಕ್ಕೆ ಹೊಳೆಯಿಸುವ ಹಾಳೆ. ಅದರ ಮೇಲೆ ಪೈಂಟು ಬಿದ್ದರೆ ರಾತ್ರಿ ಫಲಕ ಕುರುಡಾಗುತ್ತದೆ.

ಎರಡು, ಫಲಕಗಳಿಗೆ ಪೋಸ್ಟರು ಅಂಟಿಸುವುದನ್ನು ನಾವೇ ನಿಲ್ಲಿಸಬೇಕು. ಬಯಲಾಟ, ಕೋಲ, ಬ್ರಹ್ಮಕಲಶಗಳ ಸಮಿತಿಗಳಲ್ಲಿ ಇರುವವರು ನಾವೇ ಅಲ್ಲವೇ? ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿದರೂ ಪೋಸ್ಟರು ಬಿಚ್ಚುವವರಿಲ್ಲ. ಇಲಾಖೆಯನ್ನು ದೂರುವ ಮೊದಲು ಈ ಮಾತು ನಮ್ಮ ಮನಸ್ಸಿಗೆ ನಾಟಬೇಕು.

ಮೂರು, ಮಾಸಿದ, ಬಾಗಿದ, ಬಿದ್ದುಹೋದ ಫಲಕ ಕಂಡರೆ ಹತ್ತಿರದ ಕಿಲೋಮೀಟರು ಕಲ್ಲಿನ ಸಂಖ್ಯೆಯನ್ನು ಬರೆದು ಸಂಘದ ಕಚೇರಿಗೆ ತಿಳಿಸಬೇಕು. ಕಲ್ಲಿನ ತಲೆ ಹಳದಿಯಾಗಿದ್ದರೆ ರಾಷ್ಟ್ರೀಯ ಹೆದ್ದಾರಿ, ಹಸುರಾಗಿದ್ದರೆ ರಾಜ್ಯ ಹೆದ್ದಾರಿ. ಈ ವ್ಯತ್ಯಾಸ ತಿಳಿಯದೆ ಬರೆದ ಅರ್ಜಿ ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆಯುತ್ತದೆ. ಬಂದ ಮಾಹಿತಿಯನ್ನು ಮಾರ್ಗವಾರು ಪಟ್ಟಿ ಮಾಡಿ, ಸಂಬಂಧಪಟ್ಟ ಕಚೇರಿಗೇ ಸಂಘದ ಮೂಲಕ ಸಲ್ಲಿಸುವ ಹೊಣೆ ನನ್ನದು. ಒಬ್ಬರ ದೂರು ಕಡತದಲ್ಲಿ ಮಲಗಬಹುದು. ಸಂಘದ ಪಟ್ಟಿಗೆ ಉತ್ತರ ಕೊಡಬೇಕಾಗುತ್ತದೆ.

ಸಸಿ ನೆಟ್ಟ ದಿನವೇ ತೋಟವಾಯಿತೆಂದು ನಾವಾರೂ ಹೇಳುವುದಿಲ್ಲ. ಕಳೆ ತೆಗೆದು, ಕಣಿ ಬಿಡಿಸಿ, ವರ್ಷಕ್ಕೆರಡು ಸಲವಾದರೂ ಮದ್ದು ಬಿಟ್ಟರೆ ಮಾತ್ರ ಫಸಲು. ಫಲಕ ನೆಡುವವರು ಈ ಪಾಠವನ್ನು ಇನ್ನೂ ಕಲಿತಿಲ್ಲ. ಕಲಿತ ನಾವು ಬೇಲಿಯ ಒಳಗಷ್ಟೇ ಅದನ್ನು ಪಾಲಿಸಿದರೆ ಸಾಕೇ? ನಾಳೆ ರಾತ್ರಿ ಆ ತಿರುವಿನಲ್ಲಿ ಬರುವುದು ನಮ್ಮದೇ ಮನೆಯ ಮಗನಾಗಿರಬಹುದು.

— ಕಾರ್ಯದರ್ಶಿ