ರಬ್ಬರಿನ ದೈತ್ಯ, ನಿಜವಾದ ಭಯ

ಸಮುದ್ರದಿಂದ ಎದ್ದು ಬಂದ ದೈತ್ಯಪ್ರಾಣಿ ಟೋಕಿಯೊ ನಗರವನ್ನು ತುಳಿಯುತ್ತದೆ. ಅದು ಬಾಲ ಬೀಸಿದರೆ ಸಾಕು, ಕಟ್ಟಡಗಳು ಬೆಂಕಿಪೊಟ್ಟಣಗಳಂತೆ ಉರುಳುತ್ತವೆ. ಇಂದಿನ ಮಕ್ಕಳಿಗೆ ಇದನ್ನು ಕಂಡರೆ ನಗು. ರಬ್ಬರಿನ ಉಡುಪಿನೊಳಗೆ ಮನುಷ್ಯನಿದ್ದಾನೆಂದು ಯಾರೂ ಹೇಳಿಕೊಡಬೇಕಿಲ್ಲ!

ಈ ಪ್ರಾಣಿಯೇ ಗಾಡ್ಜಿಲ್ಲಾ. ಜಪಾನೀಯರಿಗೆ ಗೊಜಿರಾ. ಗೊರಿಲ್ಲಾ ಮತ್ತು ತಿಮಿಂಗಿಲ ಎಂಬರ್ಥದ 'ಕುಜಿರಾ' ಸೇರಿ ಆದ ಹೆಸರು ಇದು. ಇಶಿರೊ ಹೊಂಡಾ ನಿರ್ದೇಶಿಸಿದ ಮೊದಲ ಚಿತ್ರ ತೆರೆಕಂಡದ್ದು 1954ರ ನವೆಂಬರ್ 3ರಂದು. ಭಾರಿ ಉಡುಪು ತೊಟ್ಟು, ಪುಟ್ಟ ಮಾದರಿ ಕಟ್ಟಡಗಳ ನಡುವೆ ಬೆವರು ಸುರಿಸಿ ನಡೆದಾಡಿದವರು ನಟ ಹರುವೊ ನಕಾಜಿಮಾ. ಕ್ಯಾಮೆರಾವನ್ನು ವೇಗವಾಗಿ ಓಡಿಸಿ ಚಿತ್ರೀಕರಿಸಿದ್ದರಿಂದ, ತೆರೆಯ ಮೇಲೆ ನಡಿಗೆ ನಿಧಾನವಾಗಿ, ಭಾರವಾಗಿ ಕಾಣುತ್ತದೆ. ಆ ಗರ್ಜನೆಯೂ ಪ್ರಾಣಿಯದಲ್ಲ. ದೊಡ್ಡ ತಂತಿವಾದ್ಯವೊಂದರ ತಂತಿಯನ್ನು ಚರ್ಮದ ಕೈಗವಸಿನಿಂದ ಉಜ್ಜಿ ಹೊರಡಿಸಿದ ಸದ್ದು!

ಇಂಥ ಪ್ರಾಣಿ ನಿಜಕ್ಕೂ ಇರಬಹುದೇ? ಲೆಕ್ಕ ಹಾಕಿ ನೋಡಿ. 2 ಮೀಟರ್ ಎತ್ತರದ ಪ್ರಾಣಿಯನ್ನು ಅದೇ ಆಕಾರದಲ್ಲಿ ಗಾಡ್ಜಿಲ್ಲಾದಷ್ಟು, ಅಂದರೆ 50 ಮೀಟರ್ ಎತ್ತರಕ್ಕೆ ಹಿಗ್ಗಿಸೋಣ. ಎತ್ತರ 25 ಪಟ್ಟಾಯಿತು. ಕಾಲುಮೂಳೆಯ ಅಡ್ಡಕೊಯ್ತದ ವಿಸ್ತೀರ್ಣ 25ರ ವರ್ಗ, ಅಂದರೆ 625 ಪಟ್ಟು. ಆದರೆ ತೂಕ 25ರ ಘನ, ಅಂದರೆ 15,625 ಪಟ್ಟು! ಮೂಳೆಯ ಪ್ರತಿ ಚದರ ಸೆಂಟಿಮೀಟರಿನ ಮೇಲೂ ಮೊದಲಿಗಿಂತ 25 ಪಟ್ಟು ಹೊರೆ. ನಗರವನ್ನು ತುಳಿಯುವ ಮೊದಲೇ ದೈತ್ಯನ ಕಾಲು ಮುರಿದೀತು. ಗಾತ್ರದ ಈ ನಿಯಮವನ್ನು ಗೆಲಿಲಿಯೊ 1638ರಷ್ಟು ಹಿಂದೆಯೇ ವಿವರಿಸಿದ್ದ.

ಪ್ರಾಣಿ ಸುಳ್ಳು, ಸರಿ. ಅದನ್ನು ಹುಟ್ಟಿಸಿದ ಭಯ ಮಾತ್ರ ಸುಳ್ಳಲ್ಲ. 1954ರ ಮಾರ್ಚ್ 1ರಂದು ಅಮೆರಿಕವು ಪೆಸಿಫಿಕ್ ಸಾಗರದ ಬಿಕಿನಿ ದ್ವೀಪವಲಯದಲ್ಲಿ ಜಲಜನಕ ಬಾಂಬನ್ನು ಪರೀಕ್ಷಿಸಿತು. ಸುಮಾರು 6 ಮೆಗಾಟನ್ ಎಂದು ಅಂದಾಜಿಸಿದ್ದ ಸ್ಫೋಟ 15 ಮೆಗಾಟನ್ ಆಯಿತು. ಕ್ರಿಯೆಯಲ್ಲಿ ಪಾಲ್ಗೊಳ್ಳದೆಂದು ಭಾವಿಸಿದ್ದ ಲಿಥಿಯಂ-7 ಕೂಡ ಪಾಲ್ಗೊಂಡದ್ದೇ ಕಾರಣ. ಅಪಾಯವಲಯದ ಹೊರಗಿದ್ದ ಜಪಾನಿನ ಮೀನುಗಾರಿಕೆ ದೋಣಿಯೊಂದರ ಮೇಲೆ ವಿಕಿರಣಭರಿತ ಬಿಳಿ ಬೂದಿ ಸುರಿಯಿತು. ದೋಣಿಯ ಹೆಸರಿನ ಅರ್ಥ 'ಅದೃಷ್ಟದ ಡ್ರ್ಯಾಗನ್'. ಅದರಲ್ಲಿದ್ದ 23 ಮಂದಿಯೂ ಕಾಯಿಲೆ ಬಿದ್ದರು. ರೇಡಿಯೊ ನಿರ್ವಾಹಕ ಐಕಿಚಿ ಕುಬೊಯಾಮಾ ಸೆಪ್ಟೆಂಬರ್ 23ರಂದು ತೀರಿಕೊಂಡರು. ಆರು ವಾರ ತುಂಬುವುದರೊಳಗೆ ಗೊಜಿರಾ ತೆರೆಗೆ ಬಂದಿತು. ಅದರ ಮೊದಲ ದೃಶ್ಯದಲ್ಲೇ ಕಣ್ಣು ಕೋರೈಸುವ ಬೆಳಕಿಗೆ ದೋಣಿಯೊಂದು ಬಲಿಯಾಗುತ್ತದೆ. ಅಂದಿನ ಪ್ರೇಕ್ಷಕರು ನಕ್ಕಿರಲಾರರು.

ಚಿತ್ರದ ಕೊನೆಯಲ್ಲಿ ದೈತ್ಯನನ್ನು ಕೊಲ್ಲುವ ಉಪಾಯ ವಿಜ್ಞಾನಿ ಸೆರಿಜಾವಾನ ಬಳಿ ಮಾತ್ರ ಇರುತ್ತದೆ. ಅದು ನಾಳೆ ಯುದ್ಧಾಸ್ತ್ರವಾದೀತೆಂದು ಹೆದರಿ ಆತ ತನ್ನ ಟಿಪ್ಪಣಿಗಳನ್ನೆಲ್ಲ ಸುಟ್ಟು, ದೈತ್ಯನೊಂದಿಗೆ ತಾನೂ ಸಮುದ್ರದಲ್ಲೇ ಉಳಿದುಬಿಡುತ್ತಾನೆ.

ಮಕ್ಕಳು ಈ ಚಿತ್ರ ನೋಡಿ ನಗಲಿ, ತಪ್ಪೇನಿಲ್ಲ. ಚಿತ್ರ ಮುಗಿದ ಮೇಲೆ ತಂದೆತಾಯಂದಿರು ಆ ದೋಣಿಯ ಕಥೆಯನ್ನೂ ಹೇಳಲಿ. ಸೆರಿಜಾವಾ ಮಾಡಿದ್ದು ಸರಿಯೇ ಎಂದು ಕೇಳಲಿ. ಉತ್ತರವನ್ನು ಮಕ್ಕಳೇ ಹುಡುಕಲಿ.