ಕಾರಿಗೆ ಕಬ್ಬಿನ ರಸ, ರೈತನಿಗೆ ಸಿಪ್ಪೆ!

ಭೂಮಿಯೊಳಗಿನ ಎಣ್ಣೆ ಮುಗಿದರೂ ಕಾರು ನಿಲ್ಲದು, ಕಬ್ಬಿನ ರೈತ ಅದನ್ನು ಓಡಿಸುತ್ತಾನೆ ಎಂಬ ಉಪದೇಶ ನಡೆದಿದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿಯೇ ಪ್ರಧಾನಿಗಳು ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲನ್ನು ಬಿಡುಗಡೆ ಮಾಡಿದರು. ಹೊಗಳಿಕೆಯಿಂದ ಕೃಷ್ಣರಾಜಪೇಟೆಯ ರೈತನ ಸಾಲ ತೀರುವುದೆ? ಲೆಕ್ಕ ನೋಡೋಣ.

ಒಂದು ಟನ್ ಕಬ್ಬಿಗೆ 70 ಲೀಟರ್ ಎಥೆನಾಲ್ ಎಂದು ನೀತಿ ಆಯೋಗದ 2021ರ ವರದಿಯೇ ಹೇಳಿದೆ. 2024-25ರಲ್ಲಿ ಕಬ್ಬಿನ ರಸದ ಎಥೆನಾಲಿಗೆ ಲೀಟರಿಗೆ 65 ರೂಪಾಯಿ 61 ಪೈಸೆ ದರವಿತ್ತು. ಟನ್ನಿಗೆ ಸುಮಾರು 4,590 ರೂಪಾಯಿ. ಅದೇ ವರ್ಷ ಕೇಂದ್ರ ಸರ್ಕಾರ ರೈತನಿಗೆ ಕಟ್ಟಿದ ಬೆಲೆ, ಸಕ್ಕರೆ ಇಳುವರಿ ಶೇಕಡಾ 10.25 ಇದ್ದರೆ, 3,400 ರೂಪಾಯಿ. ನಡುವಣ 1,190 ರೂಪಾಯಿಯಲ್ಲಿ ಕಾರ್ಖಾನೆಯ ಖರ್ಚೆಷ್ಟು, ಲಾಭವೆಷ್ಟು? ಖರ್ಚೇ ಇಲ್ಲವೆಂದು ನಾವು ಹೇಳುವುದಿಲ್ಲ. ಲೆಕ್ಕದ ಪುಸ್ತಕ ಬಿಚ್ಚಿರೆನ್ನುತ್ತೇವೆ. ರಸವೆಲ್ಲ ಬಟ್ಟಿಗೆ ಹೋದ ಮೇಲೆ ಸಕ್ಕರೆ ಇಳುವರಿಯಿಂದ ಬೆಲೆ ಅಳೆಯುವುದು ಯಾವ ನ್ಯಾಯ?

ಇನ್ನು ನೀರು. ಅದೇ ವರದಿಯಂತೆ ಒಂದು ಲೀಟರ್ ಎಥೆನಾಲಿಗೆ 2,860 ಲೀಟರ್ ನೀರು ಬೇಕು. ಹೇಮಾವತಿ ನಾಲೆಯ ಕೊನೆಯ ರೈತ ನೀರಿನ ದಾರಿ ಕಾಯುವಾಗ, ಒಬ್ಬನೇ ಕುಳಿತ ಕಾರಿಗೆ ಇಷ್ಟು ನೀರೆ? ಅಷ್ಟಾದರೂ ಎಥೆನಾಲಿನ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಪಾಲು ಕಡಿಮೆ.

ನಮ್ಮ ವಿರೋಧ ಹೊಸ ಇಂಧನಕ್ಕಲ್ಲ. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಬರ ಬಂದಾಗ ಇದ್ದಿಲ ಗ್ಯಾಸಿನಿಂದ ಬಸ್ಸು ಓಡಿಸಿದ ನಾಡು ಇದು; 2001ರಲ್ಲಿ ವಿದ್ಯುತ್ತಿನ ರೇವಾ ಕಾರನ್ನು ರಸ್ತೆಗಿಳಿಸಿದ್ದೂ ಬೆಂಗಳೂರೇ. ನಮ್ಮ ಪ್ರಶ್ನೆ ಯಾರಿಗಾಗಿ, ಯಾರ ಖರ್ಚಿನಲ್ಲಿ ಎಂಬುದು.

ಎಥೆನಾಲಿನ ಆದಾಯದಲ್ಲಿ ಬೆಳೆಗಾರನಿಗೆ ಪಾಲು ಕೊಡಿ. ಹೊಸ ಇಂಧನವಾಗಲಿ ವಿದ್ಯುತ್ತಾಗಲಿ, ಮೊದಲು ಹಳ್ಳಿಯ ಬಸ್ಸಿಗೆ, ಆಮೇಲೆ ಕಾರಿಗೆ. ಇದು ಭಿಕ್ಷೆಯಲ್ಲ, ಹಕ್ಕು.