ಬಾಡಿಗೆಯ ವೈರಾಗ್ಯ

ಉಳ್ಳವರಿಗೆ ಈಚೆಗೆ ಹೊಸ ಜ್ಞಾನೋದಯವಾಗಿದೆ. ಸಾಮಾನು ಕಡಿಮೆ ಮಾಡಬೇಕಂತೆ, ಇದ್ದುದರಲ್ಲೇ ತೃಪ್ತಿಪಡಬೇಕಂತೆ. ಬೋಧೆ ಯಾರಿಗೆ? ತಿಂಗಳ ಕೊನೆಗೆ ಡಬ್ಬ ಬರಿದಾಗುವ ಮಿಲ್ ಕಾರ್ಮಿಕನಿಗೆ? ಕೃಷ್ಣರಾಜನಗರದ ಸಣ್ಣ ಅಂಗಡಿಯವನಿಗೆ?

ಹೆಗ್ಗಡದೇವನಕೋಟೆಯ ಕಬಿನಿ ಹಿನ್ನೀರಿನ ದಡದಲ್ಲಿ ಈ ವೈರಾಗ್ಯ ಒಂದು ರಾತ್ರಿಗೆ ಸಾವಿರಾರು ರೂಪಾಯಿಗೆ ಸಿಗುತ್ತದೆ. ಹೊರಗೆ ಗುಡಿಸಲಿನ ವೇಷ, ಒಳಗೆ ತಂಪು ಯಂತ್ರ! 1974ರಲ್ಲಿ ಅಣೆಕಟ್ಟು ಎದ್ದಾಗ ಮುಳುಗಿದ ಊರುಗಳು ಆ ನೀರಿನಡಿಯಲ್ಲೇ ಇವೆ. ನಾಗರಹೊಳೆ ಕಾಡು ಬಿಟ್ಟು ಹುಣಸೂರು ತಾಲ್ಲೂಕಿನ ನಾಗಾಪುರಕ್ಕೆ ಬಂದ ಜೇನುಕುರುಬರ ಬಳಿ ಬಿಡಲು ಯಾವ ಸಾಮಾನಿತ್ತು? 2006ರ ಅರಣ್ಯ ಹಕ್ಕು ಕಾಯಿದೆ ಬಂದ ಮೇಲೂ ಈ ಸೀಮೆಯ ಹಾಡಿಗಳವರು ಹಕ್ಕುಪತ್ರಕ್ಕಾಗಿ ಕಚೇರಿ ಅಲೆದಿದ್ದಾರೆ. ಅವರ ಸರಳತೆಗೆ ಯಾರೂ ಬಾಡಿಗೆ ಕೊಡಲಿಲ್ಲ.

ಹಾಗೆಂದು ನಮ್ಮವರು ನಿರ್ದೋಷಿಗಳಲ್ಲ. ಮಗಳ ಮದುವೆಗೆ ಸಾಲ ಮಾಡಿ ಛತ್ರ ಹಿಡಿಯುವ ಚಟ ನಮ್ಮಲ್ಲೂ ಇದೆ. ಮೂರು ದಿನದ ಮೆರವಣಿಗೆಗೆ ಹತ್ತು ವರ್ಷದ ಬಡ್ಡಿ. ಕುವೆಂಪು 1966ರಲ್ಲಿ ಮಗ ತೇಜಸ್ವಿಯ ಮದುವೆಯನ್ನು ಮಂತ್ರಮಾಂಗಲ್ಯದ ರೀತಿಯಲ್ಲಿ, ಪುರೋಹಿತರಿಲ್ಲದೆ, ಆಡಂಬರವಿಲ್ಲದೆ ಮಾಡಿದರು. ಅವರಿಗೇನು ಹಣವಿರಲಿಲ್ಲವೆ? ನಾವು ಕೇಳುವ ಸರಳತೆ ಅದು, ಸಾಹುಕಾರನ ಬಾಗಿಲಿಗೆ ಹೋಗದಂತೆ ಮಾಡುವಂಥದು. ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪಿನ ಹರಾಜು ಮುಗಿಯುತ್ತಲೇ ಮದುವೆಯ ಮಾತು ಏಳುತ್ತದೆ. ಸಾಲದ ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಮೊದಲು ಮನೆಯವರೆಲ್ಲ ಕುಳಿತು ಇದನ್ನು ಮಾತಾಡಲಿ.